ನೆರೆಯವನ ಕಥೆಯಲ್ಲಿ ನಾವೆಲ್ಲಿ?

ಸಣ್ಣ ಪ್ರಾರ್ಥನಾಕೂಟಗಳಲ್ಲಿ ನಾವು ಹಂಚಿಕೊಳ್ಳುವ ನೆರೆಹೊರೆಯ ಕಥನಗಳಿಗೆ ಒಂದು ನಿಶ್ಚಿತ ಆಕಾರವಿದೆ: ನಾವು ಹೋದೆವು, ಕೊಟ್ಟೆವು, ಪ್ರಾರ್ಥಿಸಿದೆವು, ಅವರು ಸ್ವೀಕರಿಸಿದರು. ಉಪಕಾರದ ಕ್ರಿಯಾಪದಗಳೆಲ್ಲ ನಮ್ಮವು. ಲೂಕನ ಸುವಾರ್ತೆಯ 10ನೆಯ ಅಧ್ಯಾಯವು ಈ ವ್ಯಾಕರಣವನ್ನೇ ಪ್ರಶ್ನಿಸುತ್ತದೆ. ತನ್ನ ನೆರೆಯವನು ಯಾರೆಂದು ಧರ್ಮೋಪದೇಶಕನು ಕೇಳಿದರೆ, ಗಾಯಗೊಂಡವನಿಗೆ ನೆರೆಯವನಾದವನು ಯಾರೆಂದು ಯೇಸು ಮರುಪ್ರಶ್ನಿಸುತ್ತಾನೆ. ಕೇಳುಗನು ದಾರಿಯಲ್ಲಿ ಬಿದ್ದವನ ಕಣ್ಣಿನಿಂದ ಸಮಾರ್ಯದವನನ್ನು ನೋಡಬೇಕಾಗುತ್ತದೆ.

ಬಾಳ್ಳುಪೇಟೆಯ ಸುತ್ತಿನಲ್ಲಿ ಈ ಪ್ರಶ್ನೆಗೆ ನಿತ್ಯದ ಅರ್ಥವಿದೆ. ಆಲೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಕಾಡಾನೆಗಳು ಸಂಚರಿಸುತ್ತವೆ; ಕೆಲಸಕ್ಕೆ ಹೊರಟವರು ಪ್ರಾಣ ಕಳೆದುಕೊಂಡದ್ದುಂಟು. ಅಲ್ಲಿ ಆನೆ ಬಂದಿದೆಯೆಂದು ಕೂಗಿ ಎಚ್ಚರಿಸುವ ಲೈನ್ ಮನೆಯ ದನಿಗೆ ಜಾತಿಮತಗಳ ಗುರುತಿಲ್ಲ. ಆ ದನಿಯಿಂದ ಉಳಿದುಕೊಂಡ ಕಥೆ ನಮ್ಮ ಕೂಟಗಳಲ್ಲಿ ಸಾಕ್ಷಿಯೆನಿಸುವುದು ವಿರಳ, ಏಕೆಂದರೆ ಅದರಲ್ಲಿ ಪಡೆದವರು ನಾವು.

ಇಂಥ ಕಥನಗಳು ಸಭೆಯನ್ನು ನಾಲ್ಕು ಗೋಡೆಗಳಾಚೆ ಕರೆದೊಯ್ದಿವೆಯೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದೇ ಅಧ್ಯಾಯದ ಆರಂಭದಲ್ಲಿ ಕಳುಹಿಸಲ್ಪಟ್ಟ 70 ಮಂದಿ ಶಿಷ್ಯರು ಹಮ್ಮೀಣಿಯಿಲ್ಲದೆ ಹೋಗಿ, ಆ ಮನೆಯವರು ಬಡಿಸಿದ್ದನ್ನು ಉಣ್ಣಬೇಕಾಗಿತ್ತು. ಕೊಟ್ಟದ್ದರ ಜೊತೆಗೆ ಉಂಡ ಅನ್ನದ ಲೆಕ್ಕವನ್ನೂ ಒಪ್ಪಿಸುವ ಕೂಟವು ಮಾತ್ರವೇ ತನ್ನ ನೆರೆಹೊರೆಯನ್ನು ಬಲ್ಲದು.