ಹುಲಿ ಕಾಣಿಸ್ತಾ?

ಸೋಮವಾರ ಬೆಳಗ್ಗೆ ಆಫೀಸಿನ ಕಾಫಿ ಮೆಷಿನ್ ಮುಂದೆ ಕೇಳಿಬರುವ ಪ್ರಶ್ನೆ ಇದು. ವೀಕೆಂಡಿಗೆ ಕಬಿನಿಗೋ ಬಂಡೀಪುರಕ್ಕೋ ಹೋಗಿಬಂದವರನ್ನು ಯಾರೂ 'ಕಾಡು ಹೇಗಿತ್ತು?' ಅಂತ ಕೇಳಲ್ಲ. 'ಹುಲಿ ಕಾಣಿಸ್ತಾ?' ಅಂತಲೇ ಕೇಳೋದು. ಹೂಂ ಅಂದರೆ ಫೋನು ಹೊರಗೆ ಬರುತ್ತೆ. ಇಲ್ಲ ಅಂದರೆ 'ಛೆ, ಹೋಗ್ಲಿ ಬಿಡಿ, ನೆಕ್ಸ್ಟ್ ಟೈಮ್' ಎಂಬ ಸಾಂತ್ವನ. ಅಷ್ಟು ದುಡ್ಡು ದಂಡವಾಯಿತಲ್ಲ ಅನ್ನೋ ಮರುಕ ಅದರಲ್ಲಿರುತ್ತೆ.

ಈ ಪ್ರಶ್ನೆಯಲ್ಲಿರುವ ಕನ್ನಡ ನನಗೆ ಬಹಳ ಇಷ್ಟ. ಹುಲಿ 'ಕಾಣಿಸ್ತಾ' ಅನ್ನುವಾಗ ಕರ್ತೃಪದ ಹುಲಿ. ಕಾಣಿಸಿಕೊಳ್ಳೋದು, ಬಿಡೋದು ಅದರ ಮರ್ಜಿ. ನಾವು ದಾರಿಯಲ್ಲಿ ನಿಂತಿದ್ದೆವು, ಅದು ಕಾಣಿಸಿತು, ಅಷ್ಟೇ. ಆದರೆ ಬಾಯಲ್ಲಿ ಈ ಹಳೇ ಕ್ರಿಯಾಪದ ಉಳಿದಿದ್ದರೂ ಮನಸ್ಸಿನಲ್ಲಿ ಇರೋದು ರೆಸಾರ್ಟಿನವರು ಕಲಿಸಿದ ಪದ: ಸೈಟಿಂಗ್. ಸೈಟಿಂಗನ್ನು ಎಣಿಸಬಹುದು. ನಿನ್ನೆ ಎರಡಾಯ್ತು, ಇವತ್ತು ಸೊನ್ನೆ. ಪ್ಯಾಕೇಜಿನ ದರಕ್ಕೆ ಭಾಗಿಸಿ ನೋಡಬಹುದು. ಸಿಗದಿದ್ದರೆ ಕಂಪ್ಲೇಂಟ್ ಮಾಡಬಹುದು. ಮೃಗಾಲಯ, ಸಫಾರಿಗಳ ಆನ್‌ಲೈನ್ ರಿವ್ಯೂಗಳನ್ನು ಒಮ್ಮೆ ತಿರುವಿ ಹಾಕಿ. ಹುಲಿ ಮಲಗಿತ್ತು, ಸಿಂಹ ಏಳಲೇ ಇಲ್ಲ, ಆದ್ದರಿಂದ ಒಂದೇ ಸ್ಟಾರ್. ಹಗಲಿನ ಬಹುಪಾಲು ಮಲಗಿಯೇ ಕಳೆಯುವ ಪ್ರಾಣಿಗೆ, ಮಲಗಿದ್ದಕ್ಕೆ ಅಂಕ ಕಡಿತ!

ಸರಿ, ಇದನ್ನು ಒಂದು 'ಶೋ' ಅಂತಲೇ ಇಟ್ಟುಕೊಳ್ಳೋಣ. ಸಿನಿಮಾವನ್ನೋ ನಾಟಕವನ್ನೋ ವಿಮರ್ಶೆ ಮಾಡುವಾಗ ಹೀರೋ ಎಷ್ಟು ಹೊತ್ತು ತೆರೆಯ ಮೇಲಿದ್ದ ಅಂತ ಲೆಕ್ಕ ಹಾಕಲ್ಲ ತಾನೆ? ಏನನ್ನು ತೋರಿಸಿತು, ಏನನ್ನು ಮುಚ್ಚಿಟ್ಟಿತು, ನೋಡುವ ನಮ್ಮನ್ನು ಏನು ಮಾಡಿತು ಅಂತ ಕೇಳ್ತೀವಿ. ನಮ್ಮ ವೀಕೆಂಡುಗಳ ಮೂರು ದೊಡ್ಡ ಶೋಗಳಿಗೆ, ಅಂದರೆ ಬನ್ನೇರುಘಟ್ಟ, ಮೈಸೂರು, ಕಬಿನಿ-ಬಂಡೀಪುರಗಳಿಗೆ, ಅದೇ ಅಳತೆಗೋಲು ಹಿಡಿದು ನೋಡೋಣ.

ಮೊದಲು ಬನ್ನೇರುಘಟ್ಟ. ಅಪಾರ್ಟ್‌ಮೆಂಟುಗಳ ಸಿಸಿಟಿವಿಯಲ್ಲಿ ಆಗಾಗ ಸಿಕ್ಕಿಬೀಳುವ ಚಿರತೆಯನ್ನು ಬಿಟ್ಟರೆ ಬೆಂಗಳೂರಿಗರಿಗೆ ಹತ್ತಿರದ ಕಾಡುಪ್ರಾಣಿಗಳು ಇಲ್ಲಿಯವೇ. ರಾಷ್ಟ್ರೀಯ ಉದ್ಯಾನ ಆದದ್ದು 1974ರಲ್ಲಿ. ಅದರಿಂದ ಜೈವಿಕ ಉದ್ಯಾನವನ್ನು ಬೇರೆ ಮಾಡಿದ್ದು 2002ರಲ್ಲಿ. ಕಿಟಕಿಗೆ ಜಾಲರಿ ಹೊಡೆದ ಬಸ್ಸು ಒಂದು ಗೇಟು ದಾಟಿ ಇನ್ನೊಂದರ ಮುಂದೆ ನಿಲ್ಲುತ್ತೆ. ಜಿಂಕೆ, ಕರಡಿ, ಸಿಂಹ, ಹುಲಿ: ಊಟದ ಎಲೆಗೆ ಬಡಿಸಿದ ಹಾಗೆ ಒಂದಾದ ಮೇಲೊಂದು ಬರುತ್ತೆ. ಯಾವ ಮರದ ಕೆಳಗೆ ಯಾರು ಮಲಗಿದ್ದಾರೆ ಅನ್ನೋದು ಡ್ರೈವರಿಗೆ ಗೊತ್ತು. ಅವನು ನಿಲ್ಲಿಸಿದ ತಕ್ಷಣ ಇಡೀ ಬಸ್ಸು ಒಂದು ಬದಿಗೆ ವಾಲುತ್ತೆ. ಯಾರೋ ಸಿಳ್ಳೆ ಹಾಕ್ತಾರೆ, ಯಾರೋ ಜಾಲರಿ ಬಡಿತಾರೆ. 'ಏಯ್, ಎದ್ದೇಳೋ!' ಎರಡು ನಿಮಿಷ. ಮುಂದಿನ ಗೇಟು.

ಈ ಶೋ ಮುಚ್ಚಿಡುವ ಕಥೆ, ತೋರಿಸುವ ಕಥೆಗಿಂತ ಎಷ್ಟೋ ದೊಡ್ಡದು. ನಮ್ಮ ಅಪ್ಪ ಅಮ್ಮಂದಿರ ಕಾಲಕ್ಕೆ ಕರಡಿ ನೋಡೋಕೆ ಟಿಕೆಟ್ ಬೇಕಿರಲಿಲ್ಲ. ಕರಡಿಯೇ ಬೀದಿಗೆ ಬರುತ್ತಿತ್ತು. ಮೂತಿಗೆ ತೂತು ಕೊರೆದು ಹಗ್ಗ ಪೋಣಿಸಿ, ಹಲ್ಲು ಕಿತ್ತು, ಖಲಂದರರು ಅದನ್ನು ಕುಣಿಸುತ್ತಿದ್ದರು. ಹೆದರಿಕೆ ಹೋಗಲಿ ಅಂತ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಅದರ ಕೂದಲನ್ನು ತಾಯಿತದಲ್ಲಿ ಕಟ್ಟುತ್ತಿದ್ದರು. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶನಕ್ಕೆ ಬಳಸುವುದನ್ನು ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಸ್ಸುಗಳಿಂದ ಬಿಡಿಸಿದ ಸಿಂಹ, ಹುಲಿಗಳಿಗೆ ಆಶ್ರಯ ಸಿಕ್ಕ ಜಾಗಗಳಲ್ಲಿ ಬನ್ನೇರುಘಟ್ಟವೂ ಒಂದು. ಕುಣಿಯುವ ಕರಡಿಗಳಿಗೆಂದು ಇಲ್ಲಿ ಪುನರ್ವಸತಿ ಕೇಂದ್ರ ಶುರುವಾದದ್ದು 2005ರಲ್ಲಿ. ದೇಶದ ಬೀದಿಗಳ ಕೊನೆಯ ಕುಣಿಯುವ ಕರಡಿ ಅಂತ ಗುರುತಿಸಲಾದ ರಾಜು 2009ರ ಕೊನೆಗೆ ಬಂದು ಸೇರಿದ್ದೂ ಇಲ್ಲಿಗೇ.

ಅಂದರೆ, ಪ್ರಾಣಿಗಳನ್ನು ಇನ್ನು ಆಡಿಸಬಾರದು ಎಂದು ಒಂದು ದೇಶ ತೀರ್ಮಾನಿಸಿದ್ದರ ಜೀವಂತ ಸಾಕ್ಷಿ ಈ ಜಾಗ. ಅದೇ ಜಾಗದಲ್ಲಿ ಬಸ್ಸಿನೊಳಗೆ ಕೂತ ನಾವು ಕರಡಿಗೆ 'ಎದ್ದೇಳೋ' ಅಂತೀವಿ. ಖಲಂದರನ ಕೈಯ ಹಗ್ಗ ಹೋಯಿತು. ಅವನನ್ನು ಸುತ್ತುವರಿದು ಚಪ್ಪಾಳೆ ತಟ್ಟುತ್ತಿದ್ದವರ ಚಟ ಮಾತ್ರ ಹಾಗೇ ಇದೆ.

ಬಸ್ಸಿನಲ್ಲಿ ಅತಿ ಹೆಚ್ಚು 'ವಾವ್' ಗಿಟ್ಟಿಸೋದು ಬಿಳಿ ಹುಲಿ. ಅಪರೂಪದ್ದು, ಅಳಿವಿನಂಚಿನದ್ದು, ಕಾಪಾಡಬೇಕಾದ್ದು ಅಂತ ಮಕ್ಕಳಿಗೆ ಹೇಳಿಕೊಡ್ತೀವಿ. ಬಿಳಿ ಹುಲಿ ಬೇರೆ ಜಾತಿಯೇ ಅಲ್ಲ. ನಮ್ಮ ಮಾಮೂಲಿ ಹುಲಿಯಲ್ಲೇ, ತಾಯಿ ತಂದೆ ಇಬ್ಬರಿಂದಲೂ ಒಂದು ಸುಪ್ತ ವಂಶವಾಹಿ ಬಂದು ಸೇರಿದಾಗ ಹುಟ್ಟುವ ಮರಿ. 1951ರಲ್ಲಿ ರೇವಾ ಸಂಸ್ಥಾನದ ಕಾಡಿನಲ್ಲಿ ಮೋಹನ್ ಎಂಬ ಬಿಳಿ ಮರಿ ಸೆರೆಸಿಕ್ಕಿತು. ಮಾಮೂಲಿ ಹೆಣ್ಣುಹುಲಿಯೊಡನೆ ಕೂಡಿಸಿದರೆ ಬಿಳಿ ಮರಿಗಳಾಗಲಿಲ್ಲ. ಹಾಗಾಗಿ ಅದರ ಮಗಳು ರಾಧಾಳ ಜೊತೆಗೇ ಕೂಡಿಸಿದರು. 1958ರಲ್ಲಿ ಬಿಳಿ ಮರಿಗಳು ಹುಟ್ಟಿದವು. ಇವತ್ತು ಮೃಗಾಲಯಗಳಲ್ಲಿರುವ ಬಿಳಿ ಹುಲಿಗಳ ವಂಶ ಹೆಚ್ಚುಕಡಿಮೆ ಆ ಮೋಹನನಿಗೇ ಹೋಗಿ ಮುಟ್ಟುತ್ತೆ. ತಲೆಮಾರುಗಟ್ಟಲೆ ರಕ್ತಸಂಬಂಧದೊಳಗೇ ಕೂಡಿಸಿದ್ದರ ಫಲ ಇದು. ಆ ಬಣ್ಣ ತರುವ ವಂಶವಾಹಿಯೇ ಕಣ್ಣಿನ ನರಗಳ ಜೋಡಣೆಯನ್ನೂ ಏರುಪೇರು ಮಾಡುತ್ತೆ. ಎಷ್ಟೋ ಬಿಳಿ ಹುಲಿಗಳಿಗೆ ಮೆಳ್ಳೆಗಣ್ಣು ಇರೋದು ಅದಕ್ಕೇ. ಕಾಡಿನ ಹುಲಿಯ ಉಳಿವಿಗೂ ಈ ಬಿಳಿ ಬಣ್ಣಕ್ಕೂ ಏನೇನೂ ಸಂಬಂಧವಿಲ್ಲ. ಅದು ಇರೋದು ಗೇಟಿಗೆ ಜನ ಬರಲಿ ಅಂತ.

ನನ್ನ ತಕರಾರು ಶುರುವಾಗೋದು ಇಲ್ಲಿಂದ. ನಮ್ಮ ರಾಜ್ಯದ ಮೃಗಾಲಯಗಳು ಬಹುಮಟ್ಟಿಗೆ ನಡೆಯೋದು ಟಿಕೆಟ್ ದುಡ್ಡಿನಿಂದ. 2020ರಲ್ಲಿ ಲಾಕ್‌ಡೌನ್ ಆಗಿ ಗೇಟು ಮುಚ್ಚಿದಾಗ ಮೈಸೂರು ಮೃಗಾಲಯ ಪ್ರಾಣಿಗಳ ಹೊಟ್ಟೆ ತುಂಬಿಸೋಕೆ ದಾನಿಗಳ ಮೊರೆ ಹೋಗಬೇಕಾಯಿತು. ಅಂದಮೇಲೆ ನಾವು ಯಾವುದರ ಮುಂದೆ ಗುಂಪುಗೂಡ್ತೀವೋ ಅದನ್ನೇ ಅವರು ಇಡಬೇಕು. ರಾಷ್ಟ್ರೀಯ ಮೃಗಾಲಯ ನೀತಿ, 1998ರಲ್ಲಿ, ಮೃಗಾಲಯಗಳ ಮುಖ್ಯ ಉದ್ದೇಶ ವನ್ಯಜೀವಿ ಸಂರಕ್ಷಣೆಗೆ ಬಲ ಕೊಡುವುದು ಎಂದು ಬರೆದಿಟ್ಟಿತು. ನೀತಿ ಏನೇ ಹೇಳಲಿ, ನಾವು 'ವಾವ್' ಅನ್ನೋದು ಬಿಳಿ ಹುಲಿಗೆ. ಪುನುಗು ಬೆಕ್ಕಿನ ಆವರಣದ ಮುಂದೆ ಯಾರೂ ನಿಲ್ಲಲ್ಲ. ಯಾರನ್ನು ದೂರೋಣ ಹೇಳಿ.

ಎರಡನೆಯದು ಮೈಸೂರು. 1892ರಲ್ಲಿ ಅರಸರ ಕಾಲದಲ್ಲಿ ಶುರುವಾದ ಚಾಮರಾಜೇಂದ್ರ ಮೃಗಾಲಯ. ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿ ಮುಗಿಸಿದ ಜಾಗ ಅಂತ ನಮ್ಮ ಪೀಳಿಗೆಗೆ ಅದರ ಬಗ್ಗೆ ಸಣ್ಣ ತಾತ್ಸಾರ. 'ಪ್ರಾಣಿಗಳನ್ನು ಕೂಡಿಹಾಕಿ ನೋಡೋದು ಕ್ರೂರ ಕಣೋ, ನಾವು ಕಾಡಿಗೇ ಹೋಗಿ ನೋಡ್ತೀವಿ' ಅನ್ನೋರು ಬೇರೆ. ನನ್ನ ಪ್ರಕಾರ ಮೂರು ಶೋಗಳಲ್ಲಿ ಕಡಿಮೆ ಸುಳ್ಳು ಹೇಳೋದು ಇದೇ. ಇಲ್ಲಿ ಪ್ರಾಣಿ ಸೆರೆಯಲ್ಲಿದೆ, ಆ ವಿಷಯವನ್ನು ಯಾರೂ ಮುಚ್ಚಿಡಲ್ಲ. ನಡುವೆ ಕಂದಕ ಇದೆ, ಅದು ಕಣ್ಣಿಗೆ ಕಾಣುತ್ತೆ. ನೀವು ನಿಮ್ಮ ಕಾಲ ಮೇಲೆ ಓಡಾಡ್ತೀರಿ. ಅರ್ಧ ಗಂಟೆ ಒಂದೇ ಕಡೆ ನಿಂತರೂ ಯಾವ ಡ್ರೈವರೂ ಹಾರನ್ ಹೊಡೆಯಲ್ಲ.

ನಿಲ್ಲುವವರಿಗೆ ಅದು ತೋರಿಸುವ ವಿಷಯಗಳು ಸುಖದವೇ ಆಗಿರಬೇಕಿಲ್ಲ. ಪೋಲೊ ನೆನಪಿದೆಯಾ? 1995ರಲ್ಲಿ ಐರ್ಲೆಂಡಿನ ಡಬ್ಲಿನ್‌ನಿಂದ ಮೈಸೂರಿಗೆ ಬಂದ ಗೊರಿಲ್ಲ. ಗೊರಿಲ್ಲ ಕುಟುಂಬ ಕಟ್ಟಿಕೊಂಡು ಬಾಳುವ ಪ್ರಾಣಿ. ಪೋಲೊ 2014ರಲ್ಲಿ ಸಾಯುವಾಗ ಇಡೀ ಭಾರತದಲ್ಲಿದ್ದ ಒಂದೇ ಒಂದು ಗೊರಿಲ್ಲ. 'ದೇಶದ ಏಕೈಕ ಗೊರಿಲ್ಲ' ಅಂತ ನಾವು ಹೆಮ್ಮೆಯಿಂದ ಹೇಳಿಕೊಂಡ ಆ ಮಾತಿಗೆ, ಅದರ ಕಡೆಯಿಂದ ನೋಡಿದರೆ, ಅರ್ಥವೇ ಬೇರೆ. ತನ್ನಂಥ ಇನ್ನೊಂದು ಮುಖವಿಲ್ಲ, ಎದುರಿಗೆ ಬರೀ ನಮ್ಮ ಮುಖಗಳು. 2021ರಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಎರಡು ಗಂಡು ಗೊರಿಲ್ಲಗಳು ಬಂದವು. ಒಂದರ ಬದಲು ಎರಡು ಅನ್ನುವ ಆ ಸಣ್ಣ ವ್ಯತ್ಯಾಸ ದೊಡ್ಡ ಸುಧಾರಣೆ. ಅದನ್ನು ಗಮನಿಸಬೇಕಾದರೆ ನಾವು ಕಂದಕದ ಈಚೆ ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು. ಸುಮ್ಮನೆ ಅಂದರೆ ನಿಜಕ್ಕೂ ಸುಮ್ಮನೆ. ಮೃಗಾಲಯದಲ್ಲಿ ಪ್ರಾಣಿಗಳನ್ನು ಕೆಣಕೋದು, ತಿನ್ನಿಸೋದು, ಗದ್ದಲ ಮಾಡಿ ಪೀಡಿಸೋದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮಿನ ಪ್ರಕಾರ ನಿಷಿದ್ಧ. ಭಾನುವಾರದ ಮಧ್ಯಾಹ್ನ ಹೋಗಿ ನೋಡಿ, ಆ ಕಲಮನ್ನು ಕುಟುಂಬ ಸಮೇತರಾಗಿ ಮುರಿಯುತ್ತಿರ್ತಾರೆ.

ಮೂರನೆಯದು ಕಬಿನಿ-ಬಂಡೀಪುರ, ಅಂದರೆ 'ಅಸಲಿ'. ದುಬಾರಿ ರೂಮು, ನಸುಕಿನ ಚಳಿ, ಖಾಕಿ ಟೋಪಿ, ಬಾಡಿಗೆಗೆ ತಂದ ಉದ್ದ ಲೆನ್ಸು. ಇದು ನಿಜವಾದ ಕಾಡು, ಅನುಮಾನವಿಲ್ಲ. ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿದ ಮೊದಲ ಒಂಬತ್ತು ಕಾಡುಗಳಲ್ಲೊಂದು. 2022ರ ಗಣತಿಯ ಅಂದಾಜಿನಂತೆ ರಾಜ್ಯದಲ್ಲಿ 563 ಹುಲಿಗಳಿವೆ. ಆದರೆ ಇಲ್ಲೂ ನಮಗಾಗಿ ಒಂದಷ್ಟು ರಂಗಸಜ್ಜಿಕೆ ಇದೆ. ಸಫಾರಿ ದಾರಿಯ ಎರಡೂ ಬದಿ ಲಂಟಾನ ಸವರಿ ನೋಟಕ್ಕೆ ಅನುವು ಮಾಡಿರ್ತಾರೆ. ಬೇಸಿಗೆಯಲ್ಲಿ ಸೋಲಾರ್ ಪಂಪು ತುಂಬಿಸುವ ನೀರಿನ ಗುಂಡಿಗಳಿವೆ, ಜೀಪು ಅವುಗಳ ಹತ್ತಿರ ಕಾಯುತ್ತೆ. ಇನ್ನು ನಮ್ಮ ತಲೆಯೊಳಗಿನ ಸಜ್ಜಿಕೆ. 2020ರಲ್ಲಿ 'ವೈಲ್ಡ್ ಕರ್ನಾಟಕ' ಥಿಯೇಟರಿಗೆ ಬಂದಾಗ ಡೇವಿಡ್ ಅಟೆನ್‌ಬರೊ ಅವರ ದನಿಯಲ್ಲಿ ನಮ್ಮದೇ ಕಾಡನ್ನು ನೋಡಿ ಮೈ ಜುಮ್ಮೆಂದಿತ್ತು. ಅದು ವರ್ಷಗಟ್ಟಲೆ ಕಾದು ಚಿತ್ರಿಸಿದ್ದನ್ನು ಒಂದು ಗಂಟೆಯೊಳಗೆ ಹಿಂಡಿ ಕೊಟ್ಟ ಸಿನಿಮಾ. ನಾವು ಶನಿವಾರ ಸಂಜೆಯ ಮೂರು ಗಂಟೆಯಲ್ಲಿ ಅಷ್ಟೂ ಆಗಬೇಕು ಅಂತೀವಿ. ಮುಸುವ ಮರದ ತುದಿಯಿಂದ ಕೂಗಿ ಎಚ್ಚರಿಸುತ್ತೆ, ಕಡವೆ ಬಾಲ ನಿಗುರಿಸಿ ನಿಲ್ಲುತ್ತೆ, ಸೀಳುನಾಯಿಗಳ ಹಿಂಡು ದಾರಿ ದಾಟುತ್ತೆ. ನಾವು ಗೈಡನ್ನು ಕೇಳೋದು ಒಂದೇ: 'ಹುಲಿ ಎಲ್ಲಿ ಸಾರ್?'

ಈ 'ಅಸಲಿ' ಶೋ ಮುಚ್ಚಿಡುವ ಪಾತ್ರಧಾರಿ ಒಬ್ಬನಿದ್ದಾನೆ. 2025ರ ನವೆಂಬರಿನಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ ರೈತರು ಹುಲಿ ದಾಳಿಗೆ ಬಲಿಯಾದ ಮೇಲೆ, ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿ ನಿಲ್ಲಿಸಿತು. ಜೀಪುಗಳ ಗಲಾಟೆಯಿಂದಲೇ ಹುಲಿ ಹೊರಗೆ ಬರ್ತಿದೆ ಅನ್ನೋದು ಅಲ್ಲಿನ ರೈತರ ವಾದ. ಕಾರಣ ಅಷ್ಟು ಸರಳವಲ್ಲ, ಹುಲಿಗಳ ಸಂಖ್ಯೆ ಮತ್ತು ಜಾಗದ ಲೆಕ್ಕವೂ ಇದೆ ಅನ್ನುವವರು ಇದ್ದಾರೆ. ಈ ವಾದವನ್ನು ಇಲ್ಲಿ ಬಗೆಹರಿಸೋಕೆ ಆಗಲ್ಲ. ಆದರೆ ಆ ವಾರ ನಮ್ಮಂಥವರ ವಾಟ್ಸಾಪ್ ಗುಂಪುಗಳಲ್ಲಿ ನಡೆದ ಚರ್ಚೆ ಬುಕಿಂಗಿನ ರಿಫಂಡ್ ಬಗ್ಗೆ. ಹುಲಿ 'ಕಾಣಿಸದಿರಲಿ' ಅಂತ ಕೈಮುಗಿದು ಹೊಲಕ್ಕೆ ಹೋಗುವವನೂ, 'ಕಾಣಿಸಲಿ' ಅಂತ ಹಣ ಕಟ್ಟಿ ಹೋಗುವವನೂ ಒಂದೇ ಕಾಡಿನ ಎರಡು ಕಡೆ ಇದ್ದಾರೆ. ನಮ್ಮ ಸೈಟಿಂಗ್ ಲೆಕ್ಕದಲ್ಲಿ ಮೊದಲಿನವನಿಗೆ ಜಾಗವೇ ಇಲ್ಲ.

'ಅಯ್ಯೋ, ವಾರಕ್ಕೆ ಎರಡು ದಿನ ರಜ, ಅದರಲ್ಲೂ ನಿಮ್ಮ ಉಪದೇಶವಾ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೋಡದೆ ಪ್ರೀತಿ ಹುಟ್ಟಲ್ಲ ಅನ್ನೋದೂ ನಿಜ. ಮೊದಲ ಸಲ ಆನೆಯನ್ನು ಕಂಡ ಮಗುವಿನ ಮುಖದಲ್ಲಿ ಅರಳುವುದನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ನಮ್ಮ ಟಿಕೆಟಿನಿಂದಲೇ ಅಲ್ಲಿನ ಮೇವು, ಮಾಂಸ, ಡಾಕ್ಟರು, ಸಂಬಳ ಎಲ್ಲ ನಡೀಬೇಕು ಅನ್ನೋದೂ ನಿಜ. ಹಾಗಾಗಿ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಗುವವರೇ ಈ ಶೋಗಳ ನಿರ್ಮಾಪಕರು, ದುಡ್ಡು ಹಾಕೋರು ನಾವು ಅನ್ನೋದನ್ನು ನೆನಪಿಸ್ತಿದ್ದೀನಿ ಅಷ್ಟೇ. ಒಳ್ಳೇ ಸಿನಿಮಾ ಬರ್ತಿಲ್ಲ ಅಂತ ಗೊಣಗಿಕೊಂಡು ಕೆಟ್ಟದ್ದಕ್ಕೇ ಕ್ಯೂ ನಿಂತರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತಿದೆ.

ಬದಲಾವಣೆಗೆ ದೊಡ್ಡ ಸಾಹಸ ಏನೂ ಬೇಡ. ಬಿಳಿ ಹುಲಿ ಯಾಕೆ ಬೆಳ್ಳಗಿದೆ ಅಂತ ಮಗು ಕೇಳಿದರೆ ನಿಜ ಹೇಳಿ. ಮೈಸೂರಿನಲ್ಲಿ ಎಲ್ಲವನ್ನೂ 'ಕವರ್' ಮಾಡೋ ಹಟ ಬಿಟ್ಟು ಎರಡೇ ಎರಡು ಆವರಣಗಳ ಮುಂದೆ ನಿಲ್ಲಿ. ಕಬಿನಿಯಲ್ಲಿ ಜೀಪು ಹತ್ತುವಾಗ ಗೈಡಿಗೆ 'ನಮಗೆ ಹುಲಿಯ ಅರ್ಜೆಂಟ್ ಇಲ್ಲ, ನಿಮಗೆ ಇಷ್ಟವಾದದ್ದನ್ನು ತೋರಿಸಿ' ಅಂತ ಹೇಳಿ ನೋಡಿ. ರಿವ್ಯೂ ಬರೆಯೋದಾದರೆ ಪ್ರಾಣಿಗೆ ಮರೆಯಾಗಲು ನೆರಳಿತ್ತಾ, ಜೊತೆಗೆ ಸಂಗಾತಿ ಇತ್ತಾ, ಫಲಕದಲ್ಲಿ ಸರಿಯಾದ ಮಾಹಿತಿ ಇತ್ತಾ, ಗದ್ದಲ ಮಾಡಿದವರನ್ನು ಯಾರಾದರೂ ತಡೆದರಾ ಅಂತ ಬರೆಯಿರಿ. ಗೇಟಿನ ದುಡ್ಡನ್ನು ನಂಬಿ ನಡೆಯುವವರು ಅದನ್ನು ಓದದೆ ಇರಲಾರರು.

ಅಂದಹಾಗೆ, ಮಂಗಳವಾರ ಮೈಸೂರು ಮೃಗಾಲಯಕ್ಕೂ ಬನ್ನೇರುಘಟ್ಟಕ್ಕೂ ವಾರದ ರಜೆ. ಆ ದಿನ ಹೋಗಬೇಡಿ. ಟಿಕೆಟ್ ಕೌಂಟರ್ ಮುಚ್ಚಿರುತ್ತೆ, ಪಾಪ್‌ಕಾರ್ನ್ ಗಾಡಿ ಇರಲ್ಲ. ಒಳಗೆ ಪ್ರಾಣಿಪಾಲಕರು ಎಂದಿನಂತೆ ಬಂದು ಮೇವು ಹಾಕ್ತಾರೆ, ಆವರಣ ಗುಡಿಸ್ತಾರೆ. ಹುಲಿ ಎಂದಿನಂತೆ ಮಲಗಿರುತ್ತೆ. ಎದ್ದೇಳು ಅನ್ನೋರು ಯಾರೂ ಇರಲ್ಲ.