ಹಳೇ ಪಿಸಿಗೆ ಹೊಸ ವಿಂಡೋಸ್: ಎರಡನೇ ಸಲ ಹಾಕುವವರು ಯಾರು?

2017ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್ ಅನ್ನೋಣ. ಇಂಟೆಲ್‌ನ ಏಳನೇ ತಲೆಮಾರಿನ ಕೋರ್ ಐ5, 8 ಜಿಬಿ ರ್‍ಯಾಮ್, ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಹಾಕಿಸಿದ ಎಸ್‌ಎಸ್‌ಡಿ. ಪತ್ರ ಬರೆಯುವುದಕ್ಕೆ, ಲೆಕ್ಕ ಇಡುವುದಕ್ಕೆ, ಮಕ್ಕಳ ಪಾಠಕ್ಕೆ, ಬ್ಯಾಂಕಿನ ಕೆಲಸಕ್ಕೆ ಅದರಲ್ಲಿ ಇವತ್ತಿಗೂ ಕೊರತೆಯೇನಿಲ್ಲ. ಆದರೂ ವಿಂಡೋಸ್ 11 ಹಾಕಲು ಹೋದರೆ, ಈ ಪಿಸಿಯಲ್ಲಿ ಇದು ನಡೆಯುವುದಿಲ್ಲ ಎಂದು ಸೆಟಪ್ ನಿಂತುಬಿಡುತ್ತದೆ. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಿಡುಗಡೆಯಾದಾಗ ಮೈಕ್ರೋಸಾಫ್ಟ್ ಎಳೆದ ಗೆರೆ ಅದು: ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು, ಸೆಕ್ಯೂರ್ ಬೂಟ್‌ಗೆ ಒಗ್ಗುವ ಯುಇಎಫ್‌ಐ ಇರಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಎಂಟನೇ ತಲೆಮಾರಿನದು, ಎಎಂಡಿಯದಾದರೆ ರೈಜೆನ್ 2000 ಸರಣಿಯದು ಅಥವಾ ಅದಕ್ಕಿಂತ ಈಚಿನದಾಗಿರಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದದ್ದರಿಂದ ಗೆರೆಯ ಆಚೆ ಉಳಿದವರು ದಾಟುವ ದಾರಿ ಹುಡುಕತೊಡಗಿದರು. ದಾರಿ ಇದೆ, ಸುಲಭವೂ ಆಗಿದೆ. ದಾಟುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಈ ಕೆಲಸದ ಬೆಲೆ ಕಟ್ಟುವಾಗ ಎಲ್ಲರೂ ಕೇಳುವುದು ‘ಇನ್‌ಸ್ಟಾಲ್ ಆಯಿತಾ?’ ಎಂದು. ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಮೊದಲ ಸಲ ಹಾಕಿದ್ದರಿಂದ ಸಿಗುವ ಲಾಭ ಬಹಳ ಕಡಿಮೆ; ಎರಡನೇ ಸಲ, ಮೂರನೇ ಸಲ ಹಾಕುವವರು ಇದ್ದರೆ ಮಾತ್ರ ಈ ಕೆಲಸಕ್ಕೆ ಅರ್ಥವಿದೆ.

ಮೊದಲು ಗೆರೆಯನ್ನೇ ನೋಡಬೇಕು. ಅದು ಒಂದೇ ಗೆರೆಯಂತೆ ಕಂಡರೂ ಅದರಲ್ಲಿ ಬೇರೆಬೇರೆ ಜಾತಿಯ ನಿಬಂಧನೆಗಳು ಬೆರೆತಿವೆ. ಟಿಪಿಎಂ ಎಷ್ಟೋ ಯಂತ್ರಗಳಲ್ಲಿ ಇದ್ದೂ ಇಲ್ಲದಂತೆ ಇರುತ್ತದೆ: ಬಯೋಸ್‌ಗೆ ಹೋಗಿ, ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಆಯ್ಕೆಯನ್ನು ಆನ್ ಮಾಡಿದರೆ ಸಾಕು. 2016ರ ಜುಲೈ 28ರಿಂದ ವಿಂಡೋಸ್ 10 ಹಾಕಿ ಮಾರುವ ಹೊಸ ಮಾದರಿಗಳಲ್ಲಿ ಟಿಪಿಎಂ 2.0 ಇರಬೇಕೆಂದು ಮೈಕ್ರೋಸಾಫ್ಟೇ ನಿಯಮ ಮಾಡಿತ್ತು. ಹಾಗಾಗಿ ಮೇಲೆ ಹೇಳಿದಂಥ ಲ್ಯಾಪ್‌ಟಾಪ್ ಅಲ್ಲಿ ಪಾಸಾಗಿ ಪ್ರೊಸೆಸರ್ ಪಟ್ಟಿಯಲ್ಲಿ ಬೀಳುತ್ತದೆ. ಆ ಪಟ್ಟಿಯನ್ನು ಸಮರ್ಥಿಸಲು ಕಂಪನಿ ಮುಂದಿಟ್ಟ ಮುಖ್ಯ ಕಾರಣ ಭದ್ರತೆ. ಮೆಮೊರಿ ಇಂಟಿಗ್ರಿಟಿ ಎಂಬ ರಕ್ಷಣೆ ಹೆಚ್ಚು ಭಾರ ಬೀಳದೆ ನಡೆಯಲು ಪ್ರೊಸೆಸರಿನಲ್ಲೇ ಒಂದು ಸೌಲಭ್ಯ ಬೇಕು. ಇಂಟೆಲ್‌ನಲ್ಲಿ ಅದು ಬಂದದ್ದು ಏಳನೇ ತಲೆಮಾರಿಗೆ. ಎಎಂಡಿಯಲ್ಲಿ ಬಂದದ್ದು ಝೆನ್ 2ಕ್ಕೆ. ಅಂದರೆ ಸೌಲಭ್ಯವಿರುವ ಏಳನೇ ತಲೆಮಾರಿನ ಇಂಟೆಲ್ ಹೊರಗೆ, ಸೌಲಭ್ಯವಿಲ್ಲದ ಮೊದಮೊದಲ ರೈಜೆನ್ 2000 ಒಳಗೆ. ಇನ್ನೂ ಒಂದು ಸಂಗತಿ: ಏಳನೇ ತಲೆಮಾರಿನ ಕೋರ್ ಐ7-7820ಎಚ್‌ಕ್ಯೂ ಎಂಬ ಚಿಪ್ಪಿಗೆ ಆಮೇಲೆ ವಿನಾಯಿತಿ ಸಿಕ್ಕಿತು. ಮೈಕ್ರೋಸಾಫ್ಟ್‌ನದೇ ಸರ್ಫೇಸ್ ಸ್ಟುಡಿಯೊ 2ರಲ್ಲಿ ಇದ್ದದ್ದು ಆ ಚಿಪ್. ಇಷ್ಟು ಸಾಕು, ಪಟ್ಟಿಯ ಈ ತುದಿ ಕಂಪನಿಯ ತೀರ್ಮಾನವೇ ಹೊರತು ಯಂತ್ರದ ಅಸಾಮರ್ಥ್ಯವಲ್ಲ ಎಂದು ತಿಳಿಯಲು. ಇಂಥ ತೀರ್ಮಾನವನ್ನು, ಯಂತ್ರದ ಒಡೆಯರು ತಮ್ಮ ಜವಾಬ್ದಾರಿಯ ಮೇಲೆ ಮೀರಿದರೆ ಅದರಲ್ಲಿ ಕಳ್ಳತನದ ಮಾತಿಲ್ಲ. ಟಿಪಿಎಂ ಅಥವಾ ಸಿಪಿಯು ತಪಾಸಣೆ ದಾಟಿ ಅಪ್‌ಗ್ರೇಡ್ ಮಾಡುವ ಒಂದು ರಿಜಿಸ್ಟ್ರಿ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಾಕಷ್ಟು ಕಾಲ ತನ್ನ ಸಹಾಯದ ಮಾಹಿತಿಯಲ್ಲೇ ಪ್ರಕಟಿಸಿತ್ತು.

ಆದರೆ ಅದೇ ಗೆರೆಯ ಇನ್ನೊಂದು ತುದಿ ಕಲ್ಲಿನಷ್ಟು ಗಟ್ಟಿ. ಪಾಪ್‌ಕೌಂಟ್ ಎಂದು ಪ್ರೊಸೆಸರಿಗೆ ಕೊಡುವ ಒಂದು ಆಜ್ಞೆ ಇದೆ. ಅದರ ಕೆಲಸ ಪುಟ್ಟದು, ಒಂದು ಸಂಖ್ಯೆಯಲ್ಲಿ ಎಷ್ಟು ಒಂದುಗಳಿವೆ ಎಂದು ಎಣಿಸುವುದು. 1011 ಕೊಟ್ಟರೆ 3 ಎನ್ನುತ್ತದೆ, ಅಷ್ಟೆ. 2008ರ ಕೊನೆಗೆ ಬಂದ ಮೊದಲ ಕೋರ್ ಐ7ರಿಂದ ಈಚೆಗೆ ಇಂಟೆಲ್ ಚಿಪ್ಪುಗಳಿಗೆ ಇದು ಗೊತ್ತು. ಅದಕ್ಕೂ ಹಿಂದಿನ ಕೋರ್ 2 ಡ್ಯುಯೊಗೆ ಗೊತ್ತಿಲ್ಲ. ಆಜ್ಞೆ ಗೊತ್ತಿಲ್ಲದ ಚಿಪ್ ಅದೇ ಎಣಿಕೆಯನ್ನು ಬಳಸುದಾರಿಯಲ್ಲಿ ಮಾಡಬಲ್ಲದು, ಪ್ರೋಗ್ರಾಮು ಬರೆದವರು ಆ ದಾರಿಯನ್ನು ಬಿಟ್ಟಿದ್ದರೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಆ ದಾರಿ ಇಲ್ಲ. ಕರ್ನಲ್‌ನಲ್ಲೇ ಪಾಪ್‌ಕೌಂಟ್ ನೇರವಾಗಿ ಕೂತಿದೆ, ಹಾಗಾಗಿ ಕೋರ್ 2 ಯಂತ್ರ ಬೂಟ್ ಆಗುವುದೇ ಇಲ್ಲ. ಸೆಟಪ್‌ನ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ, ರಿಜಿಸ್ಟ್ರಿ ತೆರೆದು, ಲ್ಯಾಬ್‌ಕಾನ್ಫಿಗ್ ಎಂಬ ಕೀ ಮಾಡಿ, ಅದರೊಳಗೆ ಬೈಪಾಸ್‌ಟಿಪಿಎಂಚೆಕ್ ಎಂದು ಬರೆದು 1 ಹಾಕುವ ಉಪಾಯವಾಗಲಿ, ಅದನ್ನೇ ಒಂದು ಟಿಕ್ಕಿನಲ್ಲಿ ಮುಗಿಸುವ ರೂಫಸ್ ಎಂಬ ತಂತ್ರಾಂಶವಾಗಲಿ ಇಲ್ಲಿ ಉಪಯೋಗಕ್ಕೆ ಬಾರದು. ಅವು ಕಾವಲುಗಾರನನ್ನು ಪಕ್ಕಕ್ಕೆ ಸರಿಸುತ್ತವೆ. ಚಿಪ್ಪಿಗೆ ಹೊಸ ವಿದ್ಯೆ ಕಲಿಸುವುದಿಲ್ಲ. ಬೈಪಾಸ್ ಮಾಡಿ ಕೋರ್ 2 ಯಂತ್ರಗಳಿಗೆ ವಿಂಡೋಸ್ 11 ಹಾಕಿಕೊಟ್ಟವರ ದಾರಿ 23ಎಚ್2ಗೆ ಮುಗಿಯಿತು. ಆ ಆವೃತ್ತಿಯ ಹೋಮ್ ಮತ್ತು ಪ್ರೊಗೆ ಬೆಂಬಲ ನಿಂತದ್ದು 2025ರ ನವೆಂಬರ್ 11ಕ್ಕೆ.

ವಿಂಡೋಸ್ 11 ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವಾದರೂ ಪ್ರತಿ ವರ್ಷ ಅದರ ಹೊಸ ಆವೃತ್ತಿ ಬರುತ್ತದೆ, ಮತ್ತು ಹೋಮ್, ಪ್ರೊ ಎರಡಕ್ಕೂ ಪ್ರತಿ ಆವೃತ್ತಿಯ ಆಯಸ್ಸು 24 ತಿಂಗಳು. ತಿಂಗಳು ತಿಂಗಳ ಭದ್ರತಾ ಅಪ್‌ಡೇಟ್‌ಗಳು ಬೈಪಾಸ್ ಮಾಡಿದ ಯಂತ್ರಗಳಿಗೂ ಸಾಮಾನ್ಯವಾಗಿ ಬಂದಿವೆ, ಅದಕ್ಕೆ ಹಕ್ಕಿಲ್ಲ ಎಂದು ಕಂಪನಿ ಮೊದಲೇ ಹೇಳಿದ್ದರೂ. ಆದರೆ ವರ್ಷದ ಹೊಸ ಆವೃತ್ತಿ ಅವುಗಳಿಗೆ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ. ಐಎಸ್ಒ ಇಳಿಸಿಕೊಂಡು ಮತ್ತೆ ತಪಾಸಣೆ ತಪ್ಪಿಸಿ ಕೈಯಾರೆ ಹಾಕಬೇಕು. ಈಗ ಲೆಕ್ಕ ಹಾಕಿ. 2023ರಲ್ಲಿ ಯಾರೋ ಒಂದು ಹಳೇ ಯಂತ್ರಕ್ಕೆ 22ಎಚ್2 ಹಾಕಿಕೊಟ್ಟು ಹೋದರು, ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. 22ಎಚ್2ರ ಬೆಂಬಲ ಮುಗಿದದ್ದು 2024ರ ಅಕ್ಟೋಬರ್ 8ಕ್ಕೆ. ಅದೇ ಯಂತ್ರ ವಿಂಡೋಸ್ 10ರಲ್ಲೇ ಇದ್ದಿದ್ದರೆ 2025ರ ಅಕ್ಟೋಬರ್ 14ರವರೆಗೆ ರಕ್ಷಣೆ ಇರುತ್ತಿತ್ತು. ಹೊಸದಕ್ಕೆ ಹೋದದ್ದರಿಂದ ಒಂದು ವರ್ಷದ ಮೇಲೆ ಆರು ದಿನ ನಷ್ಟವಾಯಿತು. ಯಂತ್ರ ಎಂದಿನಂತೆ ತೆರೆಯುತ್ತದೆ, ಟಾಸ್ಕ್‌ಬಾರ್ ನಡುವಿನಲ್ಲಿ ಚೆಂದವಾಗಿ ಕೂತಿರುತ್ತದೆ, ಕೆಲಸವೂ ಆಗುತ್ತದೆ. ಬಾಗಿಲ ಚಿಲಕ ಮಾತ್ರ ಕಳಚಿದೆ. 24ಎಚ್2 ಹಾಕಿದವರ ಸ್ಥಿತಿಯೂ ಬಹಳ ಬೇರೆಯಲ್ಲ. ಅದರ ಬೆಂಬಲ 2026ರ ಅಕ್ಟೋಬರ್ 13ರವರೆಗೆ. ಮನೆಬಳಕೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 30 ಡಾಲರಿಗೆ, ಅಥವಾ ಸೆಟಿಂಗ್‌ಗಳನ್ನು ಅದರ ಕ್ಲೌಡ್‌ಗೆ ಬ್ಯಾಕಪ್ ಮಾಡಿದರೆ ಉಚಿತವಾಗಿ, ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್ ಘೋಷಿಸಿತಲ್ಲ, ಅದರ ಕೊನೆಯ ದಿನಾಂಕವೂ 2026ರ ಅಕ್ಟೋಬರ್ 13. 25ಎಚ್2ಗೆ ಏರಿಸಿದವರಿಗೆ ಮಾತ್ರ ಇನ್ನೊಂದು ವರ್ಷ. ಬೈಪಾಸಿನ ಗಳಿಕೆ ಎರಡನೇ ಸಲದಿಂದ ಶುರುವಾಗುತ್ತದೆ ಎಂದು ನಾನು ಹೇಳಿದ್ದು ಇದಕ್ಕೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಕಂಪನಿಯದೇ. ಅರ್ಹತೆ ಇಲ್ಲದ ಯಂತ್ರಗಳಲ್ಲಿ ಕರ್ನಲ್ ಮಟ್ಟದ ಕ್ರ್ಯಾಶ್‌ಗಳು 52% ಹೆಚ್ಚು, ಅರ್ಹ ಯಂತ್ರಗಳಲ್ಲಿ 99.8% ಕ್ರ್ಯಾಶ್ ಇಲ್ಲದ ಅನುಭವ ಎಂದು ಮೈಕ್ರೋಸಾಫ್ಟ್ 2021ರಲ್ಲಿ ಹೇಳಿತು. 52 ಎಂದರೆ ದೊಡ್ಡದಾಗಿ ಕೇಳುತ್ತದೆ. ಎರಡೂ ಒಂದೇ ಅಳತೆಯವು ಎಂದುಕೊಂಡರೆ, 0.2 ಇದ್ದದ್ದು ಸುಮಾರು 0.3 ಆಗುತ್ತದೆ. ಜೊತೆಗೆ, ಗೆರೆಯ ಕೆಳಗಿನದ್ದೆಲ್ಲ ಒಂದೇ ಬುಟ್ಟಿಯಲ್ಲಿದೆ. ಹದಿಮೂರು ವರ್ಷದ ಕೋರ್ 2ನ ದೋಷವನ್ನು ನಾಲ್ಕು ವರ್ಷದ ಏಳನೇ ತಲೆಮಾರು ಹೊರಬೇಕಾಗಿದೆ. ಈ ಅಂಕಿ ಎಚ್ಚರಿಕೆಗೆ ಸಾಕು, ನಿಷೇಧಕ್ಕೆ ಸಾಲದು.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು: ಇಷ್ಟೆಲ್ಲ ತಾಪತ್ರಯ ಏಕೆ, ಲಿನಕ್ಸ್ ಹಾಕಿ. ಬ್ರೌಸರು, ಮೇಲು, ಲಿಬ್ರೆ ಆಫೀಸ್ ಸಾಕೆನ್ನುವವರಿಗೆ ಇದೇ ಸರಿಯಾದ ಉತ್ತರ. ಯುನಿಕೋಡ್ ಕನ್ನಡ ಅಲ್ಲಿ ಸಲೀಸಾಗಿ ಟೈಪಾಗುತ್ತದೆ, ವರ್ಷಕ್ಕೊಮ್ಮೆ ಕಾವಲುಗಾರನ ಜೊತೆ ಜಗ್ಗಾಟವೂ ಇಲ್ಲ. ಆದರೆ ಕನ್ನಡದ ಡಿಟಿಪಿ ಅಂಗಡಿಗಳಿಗೆ ಈ ಉತ್ತರ ಸುಲಭವಲ್ಲ. ಹಳೇ ಪುಸ್ತಕಗಳ, ಲಗ್ನಪತ್ರಿಕೆಗಳ ಫೈಲುಗಳು ನುಡಿ, ಶ್ರೀಲಿಪಿಯ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ, ಪೇಜ್‌ಮೇಕರ್‌ನಲ್ಲಿ ಕೂತಿವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಂಥ ಯಂತ್ರಕ್ಕೆ ವಿಂಡೋಸ್ 11 ಬೇಕೇ ಎಂಬುದನ್ನೇ ಮೊದಲು ಕೇಳಬೇಕು. ಪುಟ ಕಟ್ಟುವ ಯಂತ್ರವನ್ನು ಇಂಟರ್‌ನೆಟ್‌ನಿಂದ ಬಿಡಿಸಿ, ಒಳಗೆ ಬರುವ ಪೆನ್‌ಡ್ರೈವ್‌ಗಳನ್ನು ಬೇರೆ ಯಂತ್ರದಲ್ಲಿ ಸ್ಕ್ಯಾನ್ ಮಾಡಿ, ವಿಂಡೋಸ್ 10ರಲ್ಲೇ ಉಳಿಸುವುದು ಬೈಪಾಸಿಗಿಂತ ವಿವೇಕದ ಕೆಲಸ ಎಂದು ನನ್ನ ಎಣಿಕೆ.

ತನ್ನ ಯಂತ್ರಕ್ಕೆ ತಾನೇ ಹಾಕಿಕೊಳ್ಳುವವರಿಗೆ ಇದೆಲ್ಲ ಗೊತ್ತಿರುತ್ತದೆ, ಅವರನ್ನು ತಡೆಯುವ ಕಾರಣ ನನಗೆ ಕಾಣುವುದಿಲ್ಲ. ನನಗೆ ಚಿಂತೆ, ಹಾಕುವವರೊಬ್ಬರು, ಬಳಸುವವರು ಇನ್ನೊಬ್ಬರು ಆದಾಗ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಎಂದರೆ ಬೆಂಗಳೂರಿನವರಿಗೆ ಎಸ್.ಪಿ. ರೋಡ್ ನೆನಪಾಗುತ್ತದೆ; ಓದುವ ಮಗಳಿಗೆಂದು ಅಲ್ಲಿಗೋ, ತಮ್ಮೂರಿನ ಅಂಗಡಿಗೋ ಹೋಗುವ ತಂದೆ ‘ವಿಂಡೋಸ್ 11 ಇದೆ’ ಎಂಬ ಮಾತನ್ನು ಯಂತ್ರ ಹೊಸಕಾಲದ್ದು ಎಂದೇ ಅರ್ಥಮಾಡಿಕೊಳ್ಳುತ್ತಾನೆ. ಪರೀಕ್ಷೆಗೆ ಅರ್ಧ ನಿಮಿಷ ಸಾಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ ವಿನ್‌ವರ್ ಎಂದು ಟೈಪ್ ಮಾಡಿದರೆ ಪುಟ್ಟ ಕಿಟಕಿಯೊಂದು ತೆರೆದು ಆವೃತ್ತಿ ತೋರಿಸುತ್ತದೆ: 22621 ಎಂದಿದ್ದರೆ 22ಎಚ್2, 22631 ಎಂದಿದ್ದರೆ 23ಎಚ್2, 26100 ಎಂದಿದ್ದರೆ 24ಎಚ್2. ಮೊದಲೆರಡರ ಕಾಲ ಮುಗಿದಿದೆ. ಬೈಪಾಸ್ ಮಾಡಿ ಮಾರುವ ಅಂಗಡಿಯವರು ಬಿಲ್ಲಿನ ಮೇಲೆ ಎರಡು ಸಾಲು ಬರೆದುಕೊಡಬೇಕು: ಯಾವ ಆವೃತ್ತಿ ಹಾಕಿದ್ದೇವೆ, ಯಾವ ತಾರೀಖಿನೊಳಗೆ ಯಂತ್ರವನ್ನು ಮತ್ತೆ ತರಬೇಕು.