ನಿಸ್ತಂತು ಸಂಕೇತನದಲ್ಲಿ ಔಚಿತ್ಯವಿಚಾರ

ಶ್ರೋತೃವಿನ ಸ್ಥಿತಿಯನ್ನರಿತು ವಕ್ತೃವು ನುಡಿಯಬೇಕೆಂಬುದು ಆಲಂಕಾರಿಕರಿಗೆ ಹೊಸ ವಿಷಯವಲ್ಲ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಪ್ರತಿಪಾದಿಸಿದನು. ಅದೇ ಪ್ರಶ್ನೆಯು ನಿಸ್ತಂತು ವಾರ್ತಾವಹನ ಶಾಸ್ತ್ರದಲ್ಲಿ ಗಣಿತರೂಪವನ್ನು ತಾಳಿರುವುದು. ಆಂಡ್ರಿಯಾ ಗೋಲ್ಡ್‌ಸ್ಮಿತ್ ಮತ್ತು ಸೂನ್-ಘೀ ಚುವಾ ಇವರು 1998ರಲ್ಲಿ ಪ್ರಕಟಿಸಿದ, ಕ್ಷೀಣಿಸುವ ಮಾರ್ಗಕ್ಕೆ ಹೊಂದಿಕೊಳ್ಳುವ ಸಂಕೇತಿತ ಮಾಡ್ಯುಲೇಷನ್ನನ್ನು ಕುರಿತ ಪ್ರಬಂಧವು ಈ ದೃಷ್ಟಿಯಿಂದ ವಿಮರ್ಶಾರ್ಹವಾದುದು.

ರೇಡಿಯೋ ತರಂಗಗಳು ಕಟ್ಟಡ ಬೆಟ್ಟಗಳಿಗೆ ತಾಗಿ ಹಲವು ದಾರಿಗಳಿಂದ ಬಂದು, ಒಮ್ಮೆ ಕೂಡಿಕೊಂಡು ಬಲಿಯುವುವು, ಒಮ್ಮೆ ಒಂದನ್ನೊಂದು ಅಳಿಸುವುವು. ಕೇಳದವನಿಗೆ ಕೂಗಿ ಹೇಳುವುದು ಲೋಕರೂಢಿ. ಆದರೆ ಗೋಲ್ಡ್‌ಸ್ಮಿತ್ ಮತ್ತು ಪ್ರವೀಣ್ ವರೈಯಾ ಇವರು 1997ರಲ್ಲಿ ಸಾಧಿಸಿದ ಸಿದ್ಧಾಂತವು ಇದಕ್ಕೆ ವಿಪರೀತವಾದುದು. ಮಾರ್ಗವು ಚೆನ್ನಾಗಿರುವಾಗ ಹೆಚ್ಚು ಶಕ್ತಿಯಿಂದ ಹೆಚ್ಚು ನುಡಿಯಬೇಕು. ಒಂದು ಮೇರೆಗಿಂತ ಕೆಟ್ಟಾಗ ಮೌನವೇ ಲೇಸು. ಕ್ಷೀಣತೆಯನ್ನು ಕೂಗಿನಿಂದಲೇ ಪೂರ್ತಿಯಾಗಿ ಸರಿದೂಗಿಸಲು ಹೊರಟರೆ, ರೇಲಿ ಮಾದರಿಯ ಮಾರ್ಗದಲ್ಲಿ ಪರಿಮಿತ ಶಕ್ತಿಯಿಂದ ಸಾಗಿಸಬಹುದಾದ ಮಾಹಿತಿಯು ಸೊನ್ನೆಗಿಳಿಯುವುದು.

ನುಡಿಯ ಪ್ರಮಾಣವನ್ನು ನಿಯಮಿಸುವುದೇ ಮಾಡ್ಯುಲೇಷನ್. ತರಂಗಕ್ಕೆ ನಾಲ್ಕು ಬಗೆಯ ರೂಪಗಳನ್ನು ಕೊಟ್ಟರೆ ಒಂದೊಂದು ರೂಪವೂ 2 ಬಿಟ್ಟುಗಳನ್ನು ಹೊರುವುದು. 16 ರೂಪಗಳಾದರೆ 4, 64 ಆದರೆ 6. ರೂಪಗಳು ಹೆಚ್ಚಿದಷ್ಟೂ ಒಂದನ್ನು ಮತ್ತೊಂದೆಂದು ಭ್ರಮಿಸುವ ಭಯವೂ ಹೆಚ್ಚು. ಭ್ರಾಂತಿನಿವಾರಣೆಗಾಗಿ ಟ್ರೆಲ್ಲಿಸ್ ಸಂಕೇತವನ್ನು ಮೇಲೆ ಹೊದಿಸುವುದು ಗ್ರಂಥಕರ್ತರ ಕ್ರಮ. ಸ್ಥಿರಮಾರ್ಗಕ್ಕೆಂದು ರಚಿತವಾದ ಸಂಕೇತವನ್ನೇ ಚಂಚಲಮಾರ್ಗದಲ್ಲಿಯೂ ಹೆಚ್ಚುಕಡಮೆ ಅದೇ ಲಾಭದಿಂದ ಬಳಸಬಹುದೆಂದು ತೋರಿಸಿರುವುದೇ ಇಲ್ಲಿನ ಮುಖ್ಯ ಗುಣ. ನಾಲ್ಕು ಸ್ಥಿತಿಗಳ ಸಂಕೇತದಿಂದ 3 ಡೆಸಿಬೆಲ್, ಎಂಟು ಸ್ಥಿತಿಗಳದರಿಂದ 3.6 ಡೆಸಿಬೆಲ್ ಲಾಭವನ್ನು ಅವರು ಗಣಿಸಿರುವರು. 3 ಡೆಸಿಬೆಲ್ ಎಂದರೆ ಅರ್ಧದಷ್ಟು ಶಕ್ತಿಯ ಉಳಿತಾಯ.

ದೋಷವಿಚಾರಕ್ಕೆ ಬಂದರೆ, 20 ಡೆಸಿಬೆಲ್‌ವರೆಗೆ, ಅಂದರೆ ನೂರರಲ್ಲೊಂದು ಪಾಲಿನಷ್ಟು ಶಕ್ತಿ ಸಾಕೆಂಬ ಘೋಷಣೆಯು ಪರೀಕ್ಷಾರ್ಹವಾದುದು. ಇಲ್ಲಿ ಪ್ರತಿವಾದಿಯಾಗಿ ನಿಂತಿರುವ ಸ್ಥಿರಗತಿಯ ಪದ್ಧತಿಯು ಶ್ರೋತೃವಿನಿಂದ ಯಾವ ಪ್ರತ್ಯುತ್ತರವನ್ನೂ ಬೇಡದು. ಹೊಂದಿಕೊಳ್ಳುವ ಪದ್ಧತಿಗಾದರೋ ಮಾರ್ಗದ ಸ್ಥಿತಿಯು ಕ್ಷಣಕ್ಷಣಕ್ಕೂ ಹಿಂದಿರುಗಿ ತಿಳಿಯಬೇಕು. ವಿಳಂಬದಿಂದಲೂ ಅಂದಾಜಿನ ತಪ್ಪಿನಿಂದಲೂ ಒದಗುವ ಕೆಡುಕನ್ನು ಗ್ರಂಥಕರ್ತರೇ 1997ರ ತಮ್ಮ ಮತ್ತೊಂದು ಪ್ರಬಂಧದಲ್ಲಿ ಪರಿಶೀಲಿಸಿರುವುದು ಶ್ಲಾಘ್ಯ. ಆದರೂ ಕಣ್ಣುಳ್ಳವನನ್ನೂ ಕಣ್ಣು ಕಟ್ಟಿದವನನ್ನೂ ಓಡಿಸಿ ಗೆಲವನ್ನು ಸಾರುವುದು ಸಮಾನರ ಸ್ಪರ್ಧೆಯೆನಿಸದು.

ಶಕ್ತಿ, ಗತಿ ಇವೆರಡರಲ್ಲಿ ಪ್ರಧಾನವಾವುದು? ಗತಿಯೊಂದನ್ನೇ ಬದಲಿಸಿದರೂ ಬಹುಪಾಲು ಲಾಭವು ದೊರೆಯುವುದೆಂದೂ, ಅದರ ಮೇಲೆ ಶಕ್ತಿಯನ್ನು ಬದಲಿಸುವುದರಿಂದ ಬರುವ ಹೆಚ್ಚಳವು ಅಲ್ಪವೆಂದೂ ಅಲೌನಿ ಮತ್ತು ಗೋಲ್ಡ್‌ಸ್ಮಿತ್ 1999ರಲ್ಲಿ ನಿರ್ಣಯಿಸಿದರು. ವ್ಯವಹಾರವೂ ಇದನ್ನೇ ಸಮರ್ಥಿಸಿತು. 2009ರಲ್ಲಿ ಸಾರ್ವಜನಿಕ ಬಳಕೆಗೆ ಬಂದ ಎಲ್.ಟಿ.ಇ. ದೂರವಾಣಿ ವ್ಯವಸ್ಥೆಯಲ್ಲಿ ಗೋಪುರದಿಂದ ಕೈಯಂತ್ರಕ್ಕೆ ಬರುವ ವಾರ್ತೆಯ ವಿಷಯದಲ್ಲಿ ಮುಖ್ಯವಾಗಿ ಮಾರ್ಪಡುವುದು ಮಾಡ್ಯುಲೇಷನ್ನೂ ಸಂಕೇತದ ಪ್ರಮಾಣವೂ. ಅಲ್ಲಿ ಟ್ರೆಲ್ಲಿಸ್ಸಿನ ಸ್ಥಾನವನ್ನು ಟರ್ಬೊ ಸಂಕೇತವು ಆಕ್ರಮಿಸಿತು. ಕಾಲಮಾರ್ಗಾನುಸಾರವಾಗಿ ನುಡಿಯ ಪ್ರಮಾಣವನ್ನು ಬದಲಿಸುವ ತತ್ತ್ವವು ಮಾತ್ರ ಉಳಿಯಿತು. ಆದಕಾರಣ ಈ ಪ್ರಬಂಧದ ಬೆಲೆಯನ್ನು ಅದರ ಅಂಕಿಗಳಿಂದಲ್ಲ, ಈ ವಿವೇಕದಿಂದ ಅಳೆಯುವುದೇ ನ್ಯಾಯ. ದನಿಯನ್ನೇರಿಸುವುದಕ್ಕಿಂತ ಮಾತನ್ನು ಅಳೆದು ಆಡುವುದು ಮೇಲೆಂಬುದು ಗಣಿತಕ್ಕೂ ಸಮ್ಮತವಾಗಿರುವುದನ್ನು ಸಾಹಿತ್ಯಾಧ್ಯಾಪಕರು ಮನನ ಮಾಡತಕ್ಕುದು.